ನುಡಿಯೇ ಕಾಯಕವಾದಾಗ

ಬರೆದಿಟ್ಟ ಮಾತು ಗ್ರಂಥಭಂಡಾರವನ್ನು ಸೇರುತ್ತದೆ. ಆಡಿದ ಮಾತು ಆ ಕ್ಷಣವೇ ಗಾಳಿಯಲ್ಲಿ ಲೀನವಾಗುತ್ತದೆ. ಆದುದರಿಂದಲೇ ಕವಿಗಳನ್ನು ನೆನೆಯುವ ನಾಡು ನಿರೂಪಕರನ್ನು ಅಷ್ಟಾಗಿ ನೆನೆಯುವುದಿಲ್ಲ. ಇದಕ್ಕೆ ಅಪವಾದವೆನಿಸಿದವರು ಶ್ರೀಮತಿ ಅಪರ್ಣಾ ಅವರು.

ಚಿಕ್ಕಮಗಳೂರು ಜಿಲ್ಲೆಯ ಪಂಚನಹಳ್ಳಿಯಲ್ಲಿ 1966ರಲ್ಲಿ ಜನಿಸಿದ ಅವರು ಮೊದಲು ಪರಿಚಿತರಾದದ್ದು ಚಿತ್ರನಟಿಯಾಗಿ. 1985ರಲ್ಲಿ ದಿವಂಗತರಾದ ಪುಟ್ಟಣ್ಣ ಕಣಗಾಲರ ಕೊನೆಯ ದಿನಗಳ ಚಿತ್ರ 'ಮಸಣದ ಹೂವು' ಅವರ ಪ್ರಥಮ ಚಿತ್ರ. ಆದರೆ ಅವರು ಆಯ್ದುಕೊಂಡ ಹಾದಿ ಬೇರೆಯಾಯಿತು. ಬೆಂಗಳೂರು ದೂರದರ್ಶನ, ಆಕಾಶವಾಣಿ ಮತ್ತು ಸರ್ಕಾರದ ಸಭಾವೇದಿಕೆಗಳು ಅವರ ಕಾರ್ಯಕ್ಷೇತ್ರಗಳಾದವು. 1998ರ ದೀಪಾವಳಿಯ ಸಂದರ್ಭದಲ್ಲಿ ಸತತ ಎಂಟು ಗಂಟೆಗಳ ಕಾಲ ಕಾರ್ಯಕ್ರಮವನ್ನು ನಿರೂಪಿಸಿದರು.

ನಿರೂಪಕನು ಸಭೆಯ ಯಜಮಾನನೂ ಅಲ್ಲ, ಅತಿಥಿಯೂ ಅಲ್ಲ. ಮುಂದೆ ಬರುವವರಿಗೆ ದಾರಿಮಾಡಿಕೊಟ್ಟು ತಾನು ಹಿಂದೆ ಸರಿಯಬೇಕಾದವನು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನರಿತು, 'ಅ'ಕಾರ 'ಹ'ಕಾರಗಳು ಕಲಸಿಹೋಗದಂತೆ, ಅವಸರವಿಲ್ಲದೆ ನುಡಿಯಬೇಕು. ಆ ಶುದ್ಧಿಯು ಪಾಂಡಿತ್ಯಪ್ರದರ್ಶನವೆನಿಸಲೂ ಕೂಡದು. ಅಪರ್ಣಾ ಅವರ ಕನ್ನಡವು ಪಂಡಿತರಿಗೂ ಪಾಮರರಿಗೂ ಸಮನಾಗಿ ಸಲ್ಲುತ್ತಿದ್ದುದು ಈ ಸಂಯಮದಿಂದಲೇ.

2015ರಲ್ಲಿ ಆರಂಭವಾದ 'ಮಜಾ ಟಾಕೀಸ್' ಎಂಬ ಹಾಸ್ಯ ಕಾರ್ಯಕ್ರಮದಲ್ಲಿ ಅವರು ವರಲಕ್ಷ್ಮಿಯೆಂಬ ಬಡಾಯಿಯ ಹೆಣ್ಣಿನ ಪಾತ್ರವನ್ನು ಧರಿಸಿದರು. ಗಂಭೀರ ನಿರೂಪಕಿಗೆ ಇದು ಸಲ್ಲದೆಂದು ಭಾವಿಸುವವರೂ ಇರಬಹುದು. ಆದರೆ ಮಾತಿನ ಹದವನ್ನು ಬಲ್ಲವರಿಗಷ್ಟೇ ಆ ಹದವನ್ನು ಬೇಕೆಂದೇ ಕೆಡಿಸಿ ಜನರನ್ನು ನಗಿಸಲು ಸಾಧ್ಯ.

ಬೆಂಗಳೂರಿನ 'ನಮ್ಮ ಮೆಟ್ರೋ' 2011ರಲ್ಲಿ ಸಂಚಾರವನ್ನಾರಂಭಿಸಿತು. ಅದರ ಕನ್ನಡ ಪ್ರಕಟಣೆಗಳಿಗೆ ಅಪರ್ಣಾ ಅವರು ಧ್ವನಿಯಾದರು. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬಂತಹ ಸಾಮಾನ್ಯ ಸೂಚನೆಗಳವು. ಅಲ್ಲಿ ಹೆಸರಿಲ್ಲ, ಮುಖವಿಲ್ಲ, ಚಪ್ಪಾಳೆಯಿಲ್ಲ. ಆದರೂ ಉದ್ಯೋಗವನ್ನರಸಿ ಬಂದ ಎಷ್ಟೋ ಪರಭಾಷಿಕರ ಕಿವಿಗೆ ದಿನನಿತ್ಯ ಬಿದ್ದ ಸ್ವಚ್ಛ ಕನ್ನಡವೆಂದರೆ ಅದೇ.

ಕಡೆಯ ವರ್ಷಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅವರನ್ನು ಬಾಧಿಸಿತು. ಉಸಿರನ್ನೇ ಬಂಡವಾಳವಾಗಿಸಿಕೊಂಡಿದ್ದವರಿಗೆ ಉಸಿರಿನ ನೆಲೆಯಲ್ಲಿಯೇ ರೋಗವುಂಟಾದುದು ವಿಧಿಯ ಕ್ರೌರ್ಯವೆನ್ನಬೇಕು. ತಮ್ಮ ವೇದನೆಯನ್ನು ಅವರು ಲೋಕದ ಮುಂದೆ ಹರಡಲಿಲ್ಲ. ಕೇಳುಗರಲ್ಲಿ ಬಹುಮಂದಿಗೆ ಅದು ತಿಳಿದದ್ದು 2024ರ ಜುಲೈ 11ರಂದು, ತಮ್ಮ 57ನೆಯ ವಯಸ್ಸಿನಲ್ಲಿ, ಅವರು ಕಾಲವಾದ ಬಳಿಕವೇ. ಮರುದಿನವೂ ಮೆಟ್ರೋ ನಿಲ್ದಾಣಗಳಲ್ಲಿ ಅದೇ ಧ್ವನಿ ಪ್ರಯಾಣಿಕರಿಗೆ ಎಂದಿನಂತೆ ದಾರಿ ಹೇಳುತ್ತಿತ್ತು.

ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಶರಣರು ಬೋಧಿಸಿದರು. ಮಹಾಸಭೆಯ ಸ್ವಾಗತವಚನವನ್ನೂ ರೈಲಿನ ಬಾಗಿಲಿನ ಸೂಚನೆಯನ್ನೂ ಒಂದೇ ಶ್ರದ್ಧೆಯಿಂದ ನುಡಿದ ಅಪರ್ಣಾ ಅವರ ಬದುಕಿನಲ್ಲಿ ಆ ತತ್ತ್ವವು ಗೋಚರವಾಗುತ್ತದೆ. ನಮ್ಮ ಶಾಲೆಗಳಲ್ಲಿ ಗಟ್ಟಿಯಾಗಿ ಓದಿಸುವ ಪಾಠವು ಇಂದು ಹಿಂದೆ ಸರಿದಿದೆ. ಮಗುವೊಂದು ಎದ್ದುನಿಂತು ಒಂದು ಪುಟವನ್ನು ತಪ್ಪಿಲ್ಲದೆ ಓದುವಷ್ಟು ಅವಕಾಶವನ್ನು ಅಧ್ಯಾಪಕರು ದಿನವೂ ಕಲ್ಪಿಸಿಕೊಟ್ಟರೆ, ಇಂತಹ ಕಂಠಗಳು ಈ ನಾಡಿನಲ್ಲಿ ಮತ್ತೆ ಮೂಡುವುದರಲ್ಲಿ ಸಂದೇಹವಿಲ್ಲ.