ಕೃಷ್ಣೆ ದಾಟಿ ಮಣೂಕದ ಸೀಮೆಗೆ

ಮಾರ್ಚ್ ತಿಂಗಳ ನಡು ಮಧ್ಯಾಹ್ನ. ಜಮಖಂಡಿ ಬಿಟ್ಟ ಬಸ್ಸು ಚಿಕ್ಕಪಡಸಲಗಿ ಸಮೀಪಿಸಿದಾಗ ಬಿರುಬಿಸಿಲಿನ ನಡುವೆ ಕೃಷ್ಣೆ ದಡದಿಂದ ದಡಕ್ಕೆ ತುಂಬಿ ನಿಂತಿದ್ದಳು. ಬೇಸಿಗೆಯಲ್ಲಿ ಇಷ್ಟೊಂದು ನೀರೇ? ಪಕ್ಕದ ಸೀಟಿನ ಹಿರಿಯರು ನನ್ನ ಮುಖ ನೋಡಿ, "ಇದು ನಮ್ಮ ಮಂದಿ ಬೆವರ್ರಿ ಸರ" ಅಂದರು.

ಅದು ಅಕ್ಷರಶಃ ನಿಜ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸಂಘ ಕಟ್ಟಿ, ವಂತಿಗೆ ಹಾಕಿ, ಮೈಮುರಿದು ದುಡಿದು ಇಲ್ಲಿ ಬ್ಯಾರೇಜು ಕಟ್ಟಿದರು. ಅದರ ಹೆಸರೇ ಶ್ರಮಬಿಂದು ಸಾಗರ. 'ಬ್ಯಾರೇಜ್ ಸಿದ್ದು' ಎಂದೇ ಹೆಸರಾದ ಅವರು 1991ರ ಲೋಕಸಭೆ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ, ಕೇಂದ್ರದಲ್ಲಿ ಮಂತ್ರಿಯೂ ಆದರು. ಬೇಸಿಗೆಯಲ್ಲಿ ನೀರು ಇಳಿದಾಗ ಆಲಮಟ್ಟಿಯ ಹಿನ್ನೀರನ್ನು ಪಂಪು ಹಚ್ಚಿ ಮೇಲೆತ್ತಿ ಬ್ಯಾರೇಜು ತುಂಬಿಸಿಕೊಂಡವರೂ ಈ ರೈತರೇ. ಸರ್ಕಾರ ಬರಲಿ ಎಂದು ಅವರು ಕೈಕಟ್ಟಿ ಕೂರಲಿಲ್ಲ. ಸರ್ಕಾರ ಬಂದದ್ದು ಆಮೇಲೆ. ಇದೇ ಜಮಖಂಡಿ ತಾಲ್ಲೂಕಿನ ಕವಟಗಿ ಬಳಿ ನದಿಯಿಂದ ನೀರೆತ್ತುವ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆ ಅದರ ದೊಡ್ಡ ಗುರುತು.

ನದಿ ದಾಟಿ ಸಾವಳಗಿಯ ಕಡೆ ಹೊರಳಿದರೆ ಕಣ್ಣಿಗೆ ಬೀಳುವುದು ದ್ರಾಕ್ಷಿ ಚಪ್ಪರ. ಕರಿ ಮಣ್ಣು, ಕೆಂಪು ಮಣ್ಣು, ಮತ್ತೆ ಚಪ್ಪರ. ಏಪ್ರಿಲ್‌ನಲ್ಲೊಂದು ಚಾಟ್ನಿ, ಅಕ್ಟೋಬರ್‌ನಲ್ಲೊಂದು ಚಾಟ್ನಿ. ವರ್ಷಕ್ಕೆ ಎರಡು ಸಲ ಬಳ್ಳಿಗೆ ಕತ್ತರಿ ಬೀಳುತ್ತದೆ. ಎರಡನೆಯದರ ನಂತರ ಹೂವು, ಕಾಯಿ, ಹಣ್ಣು.

ನಾನು ಬೆರಗಾಗಿ ನಿಂತದ್ದು ಒಂದು ಶೆಡ್ಡಿನಲ್ಲಿ. ಮೇಲೆ ತಗಡು, ಸುತ್ತ ಹಸಿರು ಪರದೆ, ಒಳಗೆ ಅಂತಸ್ತು ಅಂತಸ್ತಾಗಿ ಬಿಗಿದ ಬಲೆಗಳು. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪಿಂಗ್ ಎಣ್ಣೆ ಕಲಸಿದ ನೀರಿನಲ್ಲಿ ಗೊಂಚಲುಗಳನ್ನು ಅದ್ದಿ ಬಲೆಯ ಮೇಲೆ ಹರವುತ್ತಾರೆ. ಹಣ್ಣಿನ ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲಾಗಿ ಒಳಗಿನ ನೀರು ಹೊರಬೀಳಲು ಇದು ದಾರಿ. ಬಿಸಿಲು ತಾಗಬಾರದು, ಗಾಳಿ ಆಡಬೇಕು. ಸುಮಾರು ಎರಡು ವಾರದಲ್ಲಿ ಹಣ್ಣು ಮುದುಡಿ, ಹಸಿರು ಹೊಂಬಣ್ಣಕ್ಕೆ ತಿರುಗಿ ಮಣೂಕವಾಗುತ್ತದೆ. ನಾಲ್ಕು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಮಣೂಕ. ಬಲೆ ಜಾಡಿಸಿದಾಗ ಅದು ಪಟಪಟ ಉದುರುವ ಸದ್ದಿಗೆ ನಾನು ಮಾತು ಮರೆತೆ. ನಡುವೆ ಅಕಾಲಿಕ ಮಳೆ ಬಂದರೆ ಬಣ್ಣ ಕಪ್ಪಾಗಿ ದರ ಅರ್ಧಕ್ಕೆ ಬೀಳಬಹುದು. ಆ ಹದಿನೈದು ದಿನ ಮಾಲೀಕನಿಗೆ ನಿದ್ದೆ ಎಲ್ಲಿಯದು?

ಶೆಡ್ಡಿನ ಮೂಲೆಯಲ್ಲಿ ಹೆಣ್ಣುಮಕ್ಕಳು ಗುಂಪಾಗಿ ಕುಳಿತು ಕಡ್ಡಿ ಕೀಳುತ್ತಿದ್ದರು. ಬೆರಳುಗಳ ವೇಗ ನೋಡಬೇಕು: ಕಪ್ಪು ಕಾಳು ಒಂದು ಕಡೆ, ಹೊಂಬಣ್ಣದ್ದು ಇನ್ನೊಂದು ಕಡೆ, ಕಣ್ಣು ಎವೆಯಿಕ್ಕುವಷ್ಟರಲ್ಲಿ. "ಇದು ಎಲ್ಲಿಗೆ ಹೋಗತೈತ್ರಿ ಅಕ್ಕಾ?" ಎಂದೆ. "ತಾಸಗಾಂವ್‌ಗೆ, ಸಾಂಗ್ಲಿಗೆ" ಎಂದರು.

ನನ್ನ ಮನಸ್ಸು ಭಾರವಾದದ್ದು ಇಲ್ಲಿ. ಗಡಿಯಾಚೆಯ ಸಾಂಗ್ಲಿ ಮಣೂಕಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಅಲ್ಲಿನವರು ಅದನ್ನು ದುಡಿದು ಗಳಿಸಿದ್ದಾರೆ, ತಪ್ಪೇನಿಲ್ಲ. ಆದರೆ ಇಲ್ಲಿಯ ಮಾಲು ಚೀಲದಲ್ಲಿ ಹೊರಟುಹೋದರೆ ಅದನ್ನು ತೊಳೆಯುವ, ಗಾತ್ರಕ್ಕೆ ತಕ್ಕಂತೆ ವಿಂಗಡಿಸುವ, ಡಬ್ಬಿ ತುಂಬುವ, ಶೈತ್ಯಾಗಾರದಲ್ಲಿಟ್ಟು ಒಳ್ಳೆಯ ದರಕ್ಕೆ ಕಾಯುವ ಕೆಲಸಗಳೂ ಅದರ ಜೊತೆಗೇ ಹೊರಡುತ್ತವೆ. ಊರಿನ ಓದಿದ ಹುಡುಗರು ಪುಣೆಯ ಬಸ್ಸು ಹತ್ತುತ್ತಾರೆ. ನದಿಯನ್ನೇ ನಿಲ್ಲಿಸಿದ ಈ ಸೀಮೆಗೆ ಈ ಕೆಲಸಗಳನ್ನು ನಿಲ್ಲಿಸಿಕೊಳ್ಳುವುದು ಆಗದ ಮಾತೇ?

ಅದಕ್ಕೆ ದಾರಿಯಿದೆ ಎಂಬುದು ನನ್ನ ನಂಬಿಕೆ. 2020ರಲ್ಲಿ ಶುರುವಾದ, ಪಿಎಂಎಫ್‌ಎಂಇ ಎಂದು ಕರೆಯುವ ಕಿರು ಆಹಾರ ಸಂಸ್ಕರಣಾ ಘಟಕಗಳ ಯೋಜನೆಯಲ್ಲಿ ಬ್ಯಾಂಕ್ ಸಾಲ ಪಡೆದು ಘಟಕ ಕಟ್ಟುವವರಿಗೆ ಯೋಜನಾ ವೆಚ್ಚದ ಶೇ 35ರಷ್ಟು ಸಹಾಯಧನವಿದೆ. ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಶೇ 15 ಸೇರಿಸಿ ಅದನ್ನು ಶೇ 50ಕ್ಕೆ, ಗರಿಷ್ಠ 15 ಲಕ್ಷ ರೂಪಾಯಿಗೆ ಏರಿಸಿದೆ. ಯೋಜನಾ ವರದಿ ಬರೆದುಕೊಡಲು ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಆಹಾರ ಸಂಸ್ಕರಣೆಯಲ್ಲಿ ತೊಡಗಿದ ಸ್ವಸಹಾಯ ಸಂಘದ ಸದಸ್ಯೆಗೆ ತಲಾ 40 ಸಾವಿರ ರೂಪಾಯಿವರೆಗೆ ಆರಂಭಿಕ ಬಂಡವಾಳವೂ ಉಂಟು. ನನಗೆ ಅತ್ಯಂತ ಮುಖ್ಯವೆನಿಸುವುದು ಈ ಕೊನೆಯದು. ಒಳ್ಳೆಯ ಕಾಳು ಯಾವುದು, ಕೆಟ್ಟದ್ದು ಯಾವುದು ಎಂದು ಆ ಶೆಡ್ಡಿನ ಬೆರಳುಗಳಿಗಿಂತ ಚೆನ್ನಾಗಿ ಬಲ್ಲವರು ಯಾರು? ದಿನಗೂಲಿಗೆ ಕೂತವರು ಘಟಕದ ಒಡತಿಯರಾಗಲು ಬೇಕಾದ ವಿದ್ಯೆ ಅವರ ಕೈಯಲ್ಲೇ ಇದೆ.

ಇದನ್ನೆಲ್ಲ ಹೇಳಿದಾಗ ಎಲ್ಲರಿಗಿಂತ ಹಿರಿಯಾಕೆ ಕೆಲಸ ನಿಲ್ಲಿಸದೆಯೇ ಕೇಳಿದಳು: "ನಾವು ಸಂಘದಾಗ ಹತ್ತು ಮಂದಿ ಅದೀವ್ರಿ. ಯಾರನ್ನ ಕೇಳಬೇಕು?"

ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಎಂದೆ. "ನಾಳೆ ಮುಂಜಾನೆ ಹೋಗೂಣು" ಎಂದು ಆಕೆ ಪಕ್ಕದವಳಿಗೆ ಹೇಳಿದಳು.