ಎಲೆಗೊಂದು ಕಾನೂನು, ಹೂವಿಗೊಂದು ಕಾನೂನು

ನಮ್ಮ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕಲಿತ ಹುಡುಗನೊಬ್ಬ ಗಾಂಜಾ ಕೇಸಿನಲ್ಲಿ ಸಿಕ್ಕಿಬಿದ್ದ. ಅವನಮ್ಮ ಮಲಯಾಳದ ಕಾಗದ ಹಿಡಿದು ಬಂದರು. "ಓದಿ ಹೇಳಿ ಮಾಷ್ಟ್ರೇ, ಜೈಲಾ?"

ಕಿಲೋದೊಳಗಾದರೆ ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದೆವು. 1985ರ ಎನ್‌ಡಿಪಿಎಸ್ ಕಾಯಿದೆ ವಿಚಿತ್ರ. ಗಿಡದ ಹೂವು ಗಾಂಜಾ, ಬರೀ ಎಲೆ ಅಲ್ಲ. ಹಾಗಾಗಿ ರಾಜಸ್ಥಾನದಲ್ಲಿ ಭಂಗಿಗೆ ಸರಕಾರಿ ಪರವಾನಗಿಯ ಅಂಗಡಿ! 2020ರಲ್ಲಿ ಟಿವಿಯವರು ಸಿನಿಮಾದವರ ಗಾಂಜಾ ಹುಡುಕುತ್ತಿದ್ದರು. ಅದೇ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಕಟ್ಟುನಿಟ್ಟಿನ ಪಟ್ಟಿಯಿಂದ ಗಾಂಜಾ ತೆಗೆಯಲು ಭಾರತ ವೋಟು ಹಾಕಿತು. ನಮ್ಮ ಜಗಲಿಗೆ ವೋಟು ಕೇಳಲು ಬಂದ ಯಾವ ಪಕ್ಷದವರೂ ಈ ಮಾತೆತ್ತಲಿಲ್ಲ.

ಚಟ ಹತ್ತಿದವನು ತಾನಾಗಿ ಚಿಕಿತ್ಸೆಗೆ ಹೋದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಮೂ ಇದೆ ಎಂದೆವು.

"ಅದನ್ನು ಯಾರೂ ಹೇಳಲಿಲ್ಲವಲ್ಲ ಮಾಷ್ಟ್ರೇ," ಎಂದರು ಅವರು. ಶಾಲೆಯಲ್ಲಿ ನಾವೂ ಹೇಳಿರಲಿಲ್ಲ.