ಬೆರೆಯುವುದೂ ಬೇರ್ಪಡುವುದೂ

ಹುಡುಗಿಯರಿಗೆ ರಸಾಯನಶಾಸ್ತ್ರದಿಂದ ಏನು ಪ್ರಯೋಜನವೆಂದು ಕೆಲವು ಹೆತ್ತವರು ನಮ್ಮನ್ನು ಕೇಳುವುದುಂಟು. ಅವರಿಗೆ ಉತ್ತರವಾಗಿ ನಮ್ಮ ಊರಿನ ವಸ್ತುವೊಂದನ್ನೇ ಹಿಡಿದು ನಾಲ್ಕು ಮಾತುಗಳನ್ನು ಬರೆಯುತ್ತೇವೆ. ಆ ವಸ್ತು ಗೇರುಬೀಜದ ಸಿಪ್ಪೆಯ ಎಣ್ಣೆ.

ಈ ಎಣ್ಣೆಯ ಪರಿಚಯವು ನಮಗೆ ಪುಸ್ತಕದಿಂದ ಆದುದಲ್ಲ. ನಮ್ಮ ತಾಯಿಯವರು ಮಂಗಳೂರಿನ ಒಂದು ಕಾರ್ಖಾನೆಯಲ್ಲಿ ಗೇರುಬೀಜ ಒಡೆದು ನಮ್ಮನ್ನು ಓದಿಸಿದರು. ಕೈಗೆ ಬೂದಿ ಬಳಿದುಕೊಂಡು ಕುಳಿತರೂ ಅವರ ಬೆರಳುಗಳು ಕಪ್ಪಾಗಿ ಚರ್ಮ ಸುಲಿಯುತ್ತಿತ್ತು. ಅದೇ ಎಣ್ಣೆಯನ್ನು ಕಾಯಿಸಿ ಬಟ್ಟಿಯಿಳಿಸಿದರೆ ಕಾರ್ಡನಾಲ್ ಎಂಬ ದ್ರವ್ಯ ದೊರೆಯುವುದೆಂದು ಕಾಲೇಜಿನಲ್ಲಿ ಓದಿದಾಗ ನಮಗಾದ ಆಶ್ಚರ್ಯವು ಅಷ್ಟಿಷ್ಟಲ್ಲ. ಫೀನಾಲಿನ ಉಂಗುರಕ್ಕೆ 15 ಇಂಗಾಲಗಳ ಉದ್ದನೆಯ ಬಾಲವುಳ್ಳ ಅಣು ಅದು. ಅದರಿಂದ ಮಾಡಿದ ಗಟ್ಟಿಕಾರಕಗಳನ್ನು ಇಪಾಕ್ಸಿ ರಾಳಕ್ಕೆ ಬೆರೆಸಿ, ಉಪ್ಪುನೀರನ್ನು ತಡೆಯುವ ಹಡಗಿನ ಬಣ್ಣಗಳನ್ನು ತಯಾರಿಸುವರು.

ಎರಡು ಟ್ಯೂಬುಗಳಿಂದ ಹಿಂಡಿ ಕಲಸುವ ಅಂಟನ್ನು ಎಲ್ಲರೂ ಕಂಡಿರುವಿರಿ, ಅದೇ ಇಪಾಕ್ಸಿ. 1946ರಲ್ಲಿ ಅದನ್ನು ಅರಾಲ್ಡೈಟ್ ಎಂಬ ಹೆಸರಿನಿಂದ ಮಾರಾಟಕ್ಕೆ ತಂದ ಸೀಬಾ ಕಂಪೆನಿಯು ಬಾಸೆಲ್ ಪಟ್ಟಣದ್ದು. 1834ರಲ್ಲಿ ಮಂಗಳೂರಿಗೆ ಮಿಶನರಿಗಳನ್ನು ಕಳುಹಿಸಿದ ಬಾಸೆಲೂ ಅದೇ.

ಇಪಾಕ್ಸಿ ಬಲವುಳ್ಳದ್ದು, ಆದರೆ ಪೆಡಸು. ಒಮ್ಮೆ ಬಿರುಕು ಹುಟ್ಟಿದರೆ ಸರ್ರನೆ ಸೀಳಿಹೋಗುವುದು. ಇದಕ್ಕೆ ಪರಿಹಾರವಾಗಿ ದ್ರವರೂಪದ ರಬ್ಬರನ್ನು ನೂರಕ್ಕೆ ಹತ್ತು ಹದಿನೈದು ಪಾಲು ಸೇರಿಸುವರು. ಮೊದಲು ಎರಡೂ ಒಂದಾಗಿ ಕರಗಿರುವುವು. ರಾಳವು ಗಟ್ಟಿಯಾಗುತ್ತ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ದೊಡ್ಡವಾದಂತೆ ರಬ್ಬರಿಗೆ ಅಲ್ಲಿ ಎಡೆಯಿಲ್ಲದಾಗಿ, ಅದು ಸಣ್ಣ ಸಣ್ಣ ಹನಿಗಳಾಗಿ ಬೇರ್ಪಡುವುದು. ತಿಳಿಯಾಗಿದ್ದ ಮಿಶ್ರಣವು ಹಾಲಿನಂತೆ ಮಸಕಾಗುವುದೇ ಇದರ ಗುರುತು. ಒಂದು ಮಿಲ್ಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನ ಈ ಹನಿಗಳ ಬಳಿಗೆ ಬಿರುಕು ಬಂದಾಗ ರಬ್ಬರು ಹಿಗ್ಗಿ, ಸುತ್ತಲಿನ ರಾಳವೂ ಬಾಗಿ, ಅದರ ಶಕ್ತಿಯನ್ನು ಹೀರಿಕೊಳ್ಳುವುವು.

ಆದರೆ ಹನಿಗಳು ಎಷ್ಟು ದೊಡ್ಡವಾಗಬೇಕು? ಇಲ್ಲಿಯೇ ಮೂರನೆಯ ವಸ್ತುವಿನ ಮಹಿಮೆ. ಮಜ್ಜಿಗೆಹುಳಿಗೆ ಅಕ್ಕಿಯನ್ನು ಅರೆದು ಸೇರಿಸದೆ ಕುದಿಸಿದರೆ ಅದು ಒಡೆದುಹೋಗುವುದೆಂದು ನಮ್ಮ ತಾಯಂದಿರು ಬಲ್ಲರು. ಹಿಡಿ ಅಕ್ಕಿಯು ಇಡೀ ಪಾತ್ರೆಯ ಪದಾರ್ಥವನ್ನು ಕಾಯುವುದು. ಇಲ್ಲಿಯೂ ಹಾಗೆಯೇ. ಒಂದು ಕೊನೆಯಿಂದ ರಾಳವನ್ನೂ ಇನ್ನೊಂದು ಕೊನೆಯಿಂದ ರಬ್ಬರನ್ನೂ ಮೆಚ್ಚುವ ಅಣುವನ್ನು ಸ್ವಲ್ಪ ಸೇರಿಸಿದರೆ, ಅದು ಎರಡರ ಗಡಿಯಲ್ಲಿ ನಿಂತು ಹನಿಗಳು ಕೂಡಿಕೊಂಡು ದಪ್ಪವಾಗದಂತೆ ತಡೆಯುವುದು. ರಾಳವನ್ನು ಬೇಗನೆ ಗಟ್ಟಿಮಾಡುವ ವೇಗವರ್ಧಕವನ್ನು ಹಾಕಿದರೆ ಹನಿಗಳು ಬೆಳೆಯುವ ಮೊದಲೇ ಇದ್ದಲ್ಲಿಯೇ ಹೆಪ್ಪುಗಟ್ಟುವುವು. ಅಳತೆ ಮೀರಿದರೆ ರಬ್ಬರು ಬೇರ್ಪಡದೆ ರಾಳದಲ್ಲಿಯೇ ಉಳಿದು ಅದನ್ನು ಮೆತುವಾಗಿಸಿ, ಶಾಖ ತಾಳುವ ಗುಣವನ್ನು ಕುಂದಿಸುವುದು. ಆದುದರಿಂದ ಬೆರೆಸಿದ ವಸ್ತುವಿನಷ್ಟೇ ಅದರ ಪ್ರಮಾಣವೂ ಹೊತ್ತೂ ಮುಖ್ಯ. ಕಾರ್ಡನಾಲಿನಿಂದ ಮಾಡಿದ ಇಪಾಕ್ಸಿ ರಾಳಗಳಿಗೆ ದ್ರವ ರಬ್ಬರನ್ನು ಬೆರೆಸಿ ನಮ್ಮ ದೇಶದ ರಸಾಯನಜ್ಞರೂ ಪರೀಕ್ಷೆಗಳನ್ನು ನಡೆಸಿರುವರು.

ಇಂಥ ವಿದ್ಯೆಯು ದೂರದ ಊರಿನದಲ್ಲ. ಸುರತ್ಕಲ್ಲಿನಲ್ಲಿ 1960ರಿಂದ ಇಂಜಿನಿಯರಿಂಗ್ ಕಾಲೇಜಿದೆ. ಪುತ್ತೂರಿನಲ್ಲಿ ಗೇರಿಗೆಂದೇ 1986ರಿಂದ ಕೇಂದ್ರ ಸಂಶೋಧನಾಲಯವಿದೆ. ಹೀಗಿದ್ದರೂ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದ ಮಗಳನ್ನು ಸಂಬಳದ ಆಸೆಗೆ ಓದು ಬಿಡಿಸಲು ಆಲೋಚಿಸುವ ಮನೆಗಳು ಇನ್ನೂ ಇವೆ. ಆ ಮನೆಗಳ ಕಷ್ಟವನ್ನು ನಾವು ಬಲ್ಲೆವು. ಬಲ್ಲೆವಾದುದರಿಂದಲೇ ಹೇಳುತ್ತೇವೆ, ಇನ್ನು ಎರಡು ವರ್ಷ ತಾಳಿರಿ.

ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದು ವಿಜ್ಞಾಪನೆ. ನಿಮ್ಮಲ್ಲಿ ವಿಜ್ಞಾನದಲ್ಲಿ ಮುಂದುವರಿದವರು ವರ್ಷಕ್ಕೊಂದು ದಿನವಾದರೂ ಶಾಲೆಯ ಪ್ರಯೋಗಶಾಲೆಗೆ ಬಂದು ಈ ಹುಡುಗಿಯರೊಡನೆ ಮಾತಾಡಿರಿ. ಹೆತ್ತವರನ್ನೂ ಆ ದಿನ ಕರೆಯುವೆವು.